ಏಳು ಸುತ್ತಿನ ಕೋಟೆ ಮತ್ತು ಜಗುಲಿಯ ಕಂಪ್ಯೂಟರ್

ಬೆಳಗಿನ ಎಂಟೂವರೆಗೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿದವರಿಗೆ ಮೊದಲು ಎದುರಾಗುವುದು ಕಂಪ್ಯೂಟರ್ ಅಲ್ಲ, ಕಾವಲುಗಾರ. ಗೇಟಿನಲ್ಲಿ ಗುರುತಿನ ಚೀಟಿ ತೋರಿಸಬೇಕು, ಚೀಲ ಬಿಚ್ಚಬೇಕು. ಕಟ್ಟಡದ ಬಾಗಿಲಿಗೆ ಕಾರ್ಡು ತಾಗಿಸಬೇಕು, ಮಹಡಿ ಹತ್ತಿದ ಮೇಲೆ ಮತ್ತೊಂದು ಬಾಗಿಲಿಗೆ ಮತ್ತೊಮ್ಮೆ. ಕೆಲವು ಕೋಣೆಗಳಿಗೆ ಮೊಬೈಲ್ ಒಯ್ಯುವಂತಿಲ್ಲ. ಪರದೇಶದ ಬ್ಯಾಂಕಿನ ಲೆಕ್ಕ ನೋಡಿಕೊಳ್ಳುವ ಕೋಣೆಗಳಲ್ಲಿ ಮೇಜಿನ ಮೇಲೆ ಕಾಗದ, ಪೆನ್ನು ಸಹ ಇರಬಾರದು ಎಂಬ ಕಟ್ಟಳೆಯೂ ಉಂಟು. ಮಗಳು ಕೆಲಸ ಮಾಡುವ ಜಾಗ ನೋಡಬೇಕೆಂದು ಊರಿನಿಂದ ಬಂದ ತಂದೆತಾಯಿ ಗೇಟಿನ ಹೊರಗಿನ ಹಸಿರು ಹುಲ್ಲನ್ನಷ್ಟೇ ನೋಡಿ ಹಿಂತಿರುಗುತ್ತಾರೆ.

ಈ ಕಟ್ಟುಪಾಡುಗಳೆಲ್ಲ ಬೆಳೆದದ್ದು ರಾಗಿ ಬೆಳೆಯುತ್ತಿದ್ದ ನೆಲದಲ್ಲಿ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಎರಡು ಹಳ್ಳಿಗಳ 332 ಎಕರೆಯಲ್ಲಿ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಈ ಬಡಾವಣೆಗೆ ಅಡಿಪಾಯ ಹಾಕಿತು. ಅದರ ಕನಸು ಕಂಡವರು ಸಂಸ್ಥೆಯ ಅಂದಿನ ಮುಖ್ಯಸ್ಥ ಆರ್.ಕೆ. ಬಾಳಿಗಾ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಅದರ ಉಪಗ್ರಹ ಸಂಪರ್ಕದ ಡಿಶ್ಶನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆಯನ್ನು ಹಳಬರು ಇಂದಿಗೂ ನಗುತ್ತ ಹೇಳುತ್ತಾರೆ. ಮಾಲೀಕ ಡಲ್ಲಾಸಿನಲ್ಲಿ, ಕೆಲಸಗಾರ ಬೆಂಗಳೂರಿನಲ್ಲಿ. ಹಾಗೆ ನೋಡಿದರೆ ದೂರದಿಂದ ಕೆಲಸ ಮಾಡುವುದು ಈ ಊರಿಗೆ ಹೊಸದೇನಲ್ಲ. ಆದರೆ ಆಗ ದೂರವಿದ್ದದ್ದು ಕಚೇರಿಗೂ ಕಚೇರಿಗೂ ನಡುವೆ. ಎರಡೂ ಕಡೆ ಗೋಡೆ ಇತ್ತು, ಗೇಟು ಇತ್ತು, ಕಾವಲು ಇತ್ತು.

2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಈ ಗೋಡೆಗಳ ಒಳಗೆ ಯಾರೂ ಉಳಿಯಲಿಲ್ಲ. ಲ್ಯಾಪ್‌ಟಾಪ್ ಇಲ್ಲದವರ ಮನೆಗಳಿಗೆ ಮೇಜಿನ ಮೇಲಿನ ಕಂಪ್ಯೂಟರುಗಳನ್ನೇ ವಾಹನಗಳಲ್ಲಿ ಹೇರಿ ಕಳಿಸಿದರು. ಅಲ್ಲಿಯವರೆಗೆ ಕಾಲ್‌ಸೆಂಟರ್‌ನಂಥ ಸಂಸ್ಥೆಗಳಿಗೆ ಮನೆಯಿಂದ ಕೆಲಸ ಮಾಡಿಸುವುದು ಸುಲಭವಾಗಿರಲಿಲ್ಲ. ದೂರಸಂಪರ್ಕ ಇಲಾಖೆಗೆ ಭದ್ರತಾ ಠೇವಣಿ ಇಡಬೇಕಿತ್ತು, ಇಲಾಖೆ ಹೇಳಿದ ಬಗೆಯ ಸಂಪರ್ಕವನ್ನೇ ಬಳಸಬೇಕಿತ್ತು. 2020ರ ಮಾರ್ಚ್ 13ರಂದು ಆ ನಿಯಮಗಳು ತಾತ್ಕಾಲಿಕವಾಗಿ ಸಡಿಲವಾದವು, ನವೆಂಬರಿನಲ್ಲಿ ಹೆಚ್ಚುಕಡಿಮೆ ಕಾಯಮ್ಮಾಗಿ ಕಳಚಿಬಿದ್ದವು. ಕಚೇರಿ ಎಂಬುದು ಸಾವಿರಾರು ತುಂಡುಗಳಾಗಿ ಮಂಡ್ಯಕ್ಕೆ, ಪುತ್ತೂರಿಗೆ, ಬಾಗಲಕೋಟೆಗೆ, ಶಿರಸಿಗೆ ಹೊರಟಿತು.

ದುರ್ಗದ ದಾರಿಯಲ್ಲಿ

ಬೆಂಗಳೂರಿನಿಂದ ಶಿರಸಿಗೆ ಸುಮಾರು 400 ಕಿಲೋಮೀಟರು. ತುಮಕೂರು, ಶಿರಾ, ಹಿರಿಯೂರು ದಾಟಿ ಅರ್ಧ ದಾರಿ ಸವೆದಾಗ ಬೆಟ್ಟದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. ಅದೇ ಚಿತ್ರದುರ್ಗ. ಹೊತ್ತಿದ್ದವರು ಇಲ್ಲಿ ಇಳಿದು ಕೋಟೆ ಹತ್ತಿ ಬರುವುದು ಒಳ್ಳೆಯದು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಡ ಏರ್ಪಾಟಿನ ಅಜ್ಜ ಇಲ್ಲಿದ್ದಾನೆ.

ಏಳು ಸುತ್ತಿನ ಈ ಕೋಟೆಯಲ್ಲಿ ಒಂದು ಬಾಗಿಲು ದಾಟಿದವನಿಗೆ ಮುಂದಿನ ಬಾಗಿಲು ನೇರಕ್ಕೆ ಸಿಗುವುದಿಲ್ಲ. ದಾರಿ ಹಾವಿನಂತೆ ತಿರುಗುತ್ತದೆ. ಆನೆ ಓಡಿಬಂದು ಕದಕ್ಕೆ ಗುದ್ದಲು ಬೇಕಾದಷ್ಟು ಜಾಗವನ್ನು ಕಟ್ಟಿದವರು ಬಿಟ್ಟಿಲ್ಲ. ಹೆಬ್ಬಾಗಿಲುಗಳೇ 19 ಎಂದು ಲೆಕ್ಕ ಹೇಳುತ್ತಾರೆ. ಇಷ್ಟಾದರೂ ಪ್ರವಾಸಿಗರು ಗುಂಪುಗೂಡುವುದು ಹೆಬ್ಬಾಗಿಲಿನ ಮುಂದಲ್ಲ, ಬಂಡೆಗಳ ನಡುವಿನ ಒಂದು ಕಿಂಡಿಯ ಮುಂದೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬಂದರೆಂದು ಜನ ನಂಬಿರುವ ಜಾಗ ಅದು. ಕಾವಲಿನ ಗಂಡ ಉಣ್ಣಲು ಕೂತಿದ್ದ. ನೀರಿಗೆಂದು ಹೋದ ಓಬವ್ವನಿಗೆ ಕಿಂಡಿಯ ಆಚೆಯ ಪಿಸುಮಾತು ಕೇಳಿತು. ಆಕೆ ಕೈಗೆ ಸಿಕ್ಕ ಒನಕೆ ಹಿಡಿದು ನಿಂತಳು. ಮುಂದಿನ ಕಥೆಯನ್ನು ಕನ್ನಡದ ಮಕ್ಕಳಿಗೆ ಹೇಳಬೇಕಾಗಿಲ್ಲ.

ಕಂಪ್ಯೂಟರ್ ಭದ್ರತೆಯ ಪಂಡಿತರೂ ಬಹುಕಾಲ ಕೋಟೆಯನ್ನೇ ಕಟ್ಟುತ್ತ ಬಂದರು. ಹೊರಗಿನವರೆಲ್ಲ ವೈರಿಗಳು, ಗೋಡೆಯೊಳಗೆ ಬಂದವರೆಲ್ಲ ನಮ್ಮವರು ಎಂಬುದು ಅದರ ತತ್ವ. ಮನೆಯಿಂದ ಕೆಲಸ ಮಾಡುವವರಿಗಾಗಿ ಕೋಟೆಯಿಂದ ಒಂದು ಸುರಂಗ ತೋಡಿದರು. ಅದರ ಹೆಸರು ವಿಪಿಎನ್. ಮಾಹಿತಿ ಸಾಗುವುದು ಎಲ್ಲರೂ ಓಡಾಡುವ ರಸ್ತೆಯಲ್ಲೇ ಆದರೂ ಗೂಢಲಿಪಿಯ ಮುಸುಕು ಹೊದ್ದು ಹೋಗುವುದರಿಂದ ದಾರಿಹೋಕರಿಗೆ ಅರ್ಥವಾಗುವುದಿಲ್ಲ. ಆದರೆ ಸುರಂಗದ ಈ ತುದಿಯ ಬೀಗದ ಕೈ ಕಳ್ಳನಿಗೆ ಸಿಕ್ಕರೆ ಅವನೂ ನೇರವಾಗಿ ಅರಮನೆಯೊಳಗೇ ಏಳುತ್ತಾನೆ. ಅಮೆರಿಕದಲ್ಲಿ 2021ರ ಮೇ ತಿಂಗಳಲ್ಲಿ ಆದದ್ದು ಇದೇ. ಪೂರ್ವ ಕರಾವಳಿಗೆ ಇಂಧನ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ಸಂಸ್ಥೆಯಲ್ಲಿ ಯಾರೂ ಬಳಸದೆ ಬಿಟ್ಟಿದ್ದ ಒಂದು ವಿಪಿಎನ್ ಖಾತೆ ಇತ್ತು. ಅದನ್ನು ತೆರೆಯಲು ಒಂದು ಪಾಸ್‌ವರ್ಡ್ ಸಾಕಿತ್ತು, ಎರಡನೆಯ ತಪಾಸಣೆ ಇರಲಿಲ್ಲ. ಆ ಮರೆತ ಕಿಂಡಿಯಿಂದ ಕಳ್ಳರು ನುಗ್ಗಿದರು. ಕೊಳವೆ ಮಾರ್ಗ ಹಲವು ದಿನ ನಿಂತಿತು, ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು, ಸಂಸ್ಥೆ 75 ಬಿಟ್‌ಕಾಯಿನ್ ಒತ್ತೆಹಣ ತೆತ್ತಿತು.

ಆದ್ದರಿಂದ ಈಗ ಬೇರೊಂದು ತತ್ವ ಬಂದಿದೆ. 2010ರಲ್ಲಿ ಜಾನ್ ಕಿಂಡರ್ವಾಗ್ ಎಂಬಾತ ಅದಕ್ಕೆ 'ಝೀರೊ ಟ್ರಸ್ಟ್' ಎಂದು ಹೆಸರಿಟ್ಟ. 2009ರಲ್ಲಿ ಸ್ವತಃ ಪೆಟ್ಟು ತಿಂದ ಗೂಗಲ್ ತನ್ನ ಕಚೇರಿಗಳಲ್ಲಿ ಅದನ್ನು ಆಚರಣೆಗೆ ತಂದಿತು. ಗೋಡೆಯೊಳಗೆ ಇದ್ದಾನೆಂದು ಯಾರನ್ನೂ ನಂಬಬೇಡ, ಪ್ರತಿ ಬಾಗಿಲಲ್ಲೂ ಕೇಳು ಎಂಬುದು ಅದರ ಸಾರ. ಕೇಳುತ್ತಿರುವವರು ಯಾರು? ಅವರ ಯಂತ್ರ ಯಾವುದು, ಅದು ಆರೋಗ್ಯವಾಗಿದೆಯೇ? ಈ ಕಡತ ಅವರಿಗೆ ನಿಜಕ್ಕೂ ಬೇಕೇ? ಎಲ್ಲಕ್ಕೂ ಉತ್ತರ ಸರಿಯಿದ್ದರೆ ಅದೊಂದೇ ಕೋಣೆಯ ಬಾಗಿಲು ತೆರೆಯುತ್ತದೆ, ಇಡೀ ಅರಮನೆಯದಲ್ಲ. ಕೆಲಸಗಾರ ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದರೂ ಒಂದೇ, ಅಡಿಕೆ ತೋಟದ ಅಂಚಿನಲ್ಲಿದ್ದರೂ ಒಂದೇ.

ತೋಟದ ಅಂಚಿನ ಕಚೇರಿ

ಹಾವೇರಿಯಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿದರೆ ಬಯಲು ಮುಗಿದು ಕಾಡು ಶುರುವಾಗುತ್ತದೆ. ಶಿರಸಿ ಎಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆ, ಅಡಿಕೆ ವಖಾರಿಗಳು, ಮಳೆ. ಪೇಟೆಯಿಂದ ಒಳಗೆ ಹೋದಂತೆ ಹಂಚಿನ ಮನೆಗಳು ಒಂದಕ್ಕೊಂದು ಕೂಗಳತೆಯಷ್ಟು ದೂರ. ಇವುಗಳಲ್ಲಿ ಎಷ್ಟೋ ಮನೆಗಳಲ್ಲಿ ಬಹಳ ವರ್ಷಗಳಿಂದ ಇದ್ದವರು ವಯಸ್ಸಾದ ಇಬ್ಬರು ಮಾತ್ರ. ಮಕ್ಕಳು ಜಾತ್ರೆಗೆ, ಹಬ್ಬಕ್ಕೆ ಬಂದು ಹೋಗುವ ನೆಂಟರಾಗಿದ್ದರು. 2020ರ ಮಳೆಗಾಲ ಅವರನ್ನು ಮನೆಯವರನ್ನಾಗಿ ಮಾಡಿತು.

ಮೊದಲ ಮಳೆಗಾಲ ಕಷ್ಟದ್ದು. ಮರ ಬಿದ್ದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ಟವರಿಲ್ಲ. ಮಲೆನಾಡಿನಲ್ಲಿ ಎಂಜಿನಿಯರುಗಳೂ ವಿದ್ಯಾರ್ಥಿಗಳೂ ಸಿಗ್ನಲ್ ಹುಡುಕಿ ಗುಡ್ಡದ ತಲೆಯ ಮೇಲೆ ತಾಡಪತ್ರಿಯ ಗುಡಿಸಲು ಹಾಕಿಕೊಂಡರು. ಸುಳ್ಯ ತಾಲ್ಲೂಕಿನಲ್ಲಿ ಸುರಿಯುವ ಮಳೆಯಲ್ಲಿ ರಸ್ತೆಬದಿ ಕೂತು ಪಾಠ ಕೇಳುವ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ 2021ರ ಜೂನ್‌ನಲ್ಲಿ ಪತ್ರಿಕೆಗಳಲ್ಲಿ ಬಂದದ್ದು ಅನೇಕರಿಗೆ ನೆನಪಿರಬಹುದು. ಆಮೇಲೆ ಫೈಬರ್ ಸಂಪರ್ಕ ಬಂದ ಮನೆಗಳಲ್ಲಿ ಇನ್ವರ್ಟರು ಬಂತು, ಮೆತ್ತಿನ ಮೇಲೆ ಮೇಜು ಕುರ್ಚಿ ಬಂತು.

ಸಂಪರ್ಕ ಬಂದ ಮೇಲೆ ಬಂದದ್ದು ಕಟ್ಟುಪಾಡು. ಮನೆಗೆ ಬಂದ ಕಚೇರಿಯ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವ್ ಕೆಲಸ ಮಾಡುವುದಿಲ್ಲ. ಅದರ ಡಿಸ್ಕ್ ಪೂರ್ತಿ ಗೂಢಲಿಪಿಯಲ್ಲಿದೆ. ಬಸ್ಸಿನಲ್ಲಿ ಕಳೆದುಹೋದರೆ ಕದ್ದವನಿಗೆ ಸಿಗುವುದು ಯಂತ್ರ ಮಾತ್ರ, ಒಳಗಿನದಲ್ಲ. ಕಳೆದದ್ದು ತಿಳಿಸಿದರೆ ಕಚೇರಿಯವರು ದೂರದಿಂದಲೇ ಅದನ್ನು ಒರೆಸಿಹಾಕಬಲ್ಲರು. ಪಾಸ್‌ವರ್ಡ್ ಜೊತೆಗೆ ಮೊಬೈಲಿನಲ್ಲಿ ಒಪ್ಪಿಗೆಯನ್ನೂ ಕೊಡಬೇಕು. ಮನೆಯ ವೈಫೈ ಪೆಟ್ಟಿಗೆಯ ಜೊತೆ ಬಂದ 'ಅಡ್ಮಿನ್' ಎಂಬ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು.

ಇಂಥ ಒಂದು ಮನೆಯಲ್ಲಿ ಪಿಯುಸಿ ಓದುವ ತಮ್ಮ ಕೇಳುತ್ತಾನೆ: "ಅಣ್ಣಾ, ಪ್ರಾಜೆಕ್ಟ್ ಪ್ರಿಂಟ್ ಬೇಕು. ಪೇಟೆಯ ಜೆರಾಕ್ಸ್ ಅಂಗಡಿಯಿಂದ ಪೆನ್‌ಡ್ರೈವ್ ತಂದಿದ್ದೇನೆ, ಒಂದೇ ನಿಮಿಷ."

"ಬೇಡ ತಮಾ. ಅದು ಆಫೀಸಿನ ಯಂತ್ರ. ನೀನೂ ಮುಟ್ಟುವ ಹಾಗಿಲ್ಲ, ನಾನೂ ಬೇರೆ ಕೆಲಸಕ್ಕೆ ಬಳಸುವ ಹಾಗಿಲ್ಲ."

ಒಳಗಿನಿಂದ ಆಯಿಯ ದನಿ: "ಅಂದರೆ ಅದಕ್ಕೆ ಮಡಿ ಅನ್ನು!"

ಆಯಿಗೆ ಅರ್ಥವಾದಷ್ಟು ಸಲೀಸಾಗಿ ಎಲ್ಲರಿಗೂ ಅರ್ಥವಾಗುವುದಿಲ್ಲ. ಪಾಸ್‌ವರ್ಡುಗಳನ್ನು ಕಾಪಾಡಿಡುವುದನ್ನೇ ಕಸುಬಾಗಿಸಿಕೊಂಡ ಲಾಸ್ಟ್‌ಪಾಸ್ ಎಂಬ ಸಂಸ್ಥೆಗೆ 2022ರಲ್ಲಿ ದೊಡ್ಡ ಕನ್ನ ಬಿತ್ತು. ಕಳ್ಳರು ನುಗ್ಗಿದ್ದು ಕಚೇರಿಯ ಗೋಡೆ ಒಡೆದಲ್ಲ. ತಿಜೋರಿಯ ಕೀಲಿ ಬಲ್ಲ ನಾಲ್ವರಲ್ಲಿ ಒಬ್ಬ ಎಂಜಿನಿಯರನ ಮನೆಯ ಕಂಪ್ಯೂಟರಿನಲ್ಲಿ ಸಿನಿಮಾ, ಹಾಡು ನೋಡಿ ಕೇಳುವ ಒಂದು ತಂತ್ರಾಂಶವಿತ್ತು. ಅದರ ದೋಷ ತಿದ್ದುವ ಅಪ್‌ಡೇಟ್ 2020ರಲ್ಲೇ ಬಂದಿದ್ದರೂ ಹಾಕಿರಲಿಲ್ಲ. ಆ ದಾರಿಯಿಂದ ಒಳಹೊಕ್ಕವರು ಆತ ಒತ್ತಿದ ಕೀಲಿಗಳನ್ನೆಲ್ಲ ಗುಟ್ಟಾಗಿ ಬರೆದುಕೊಂಡರು. 'ಆಮೇಲೆ ನೆನಪಿಸು' ಎಂದು ಅಪ್‌ಡೇಟನ್ನು ಮುಂದೂಡುವ ಪ್ರತಿ ಮನೆಗೂ ಇದು ಪಾಠ.

ಇನ್ನೊಂದು ಕಥೆ ತಂದೆತಾಯಿಗಳು ಮಕ್ಕಳನ್ನು ಕೂರಿಸಿಕೊಂಡು ಕೇಳಬೇಕಾದದ್ದು. 2020ರ ಜುಲೈ 15ರಂದು ಟ್ವಿಟರಿನಲ್ಲಿ ಒಬಾಮಾ, ಬಿಲ್ ಗೇಟ್ಸ್ ಮೊದಲಾದವರ ಖಾತೆಗಳು ಕಳ್ಳರ ಪಾಲಾದವು. ಆಗ ನೌಕರರೆಲ್ಲ ಮನೆಯಲ್ಲಿದ್ದರು, ವಿಪಿಎನ್ ಆಗಾಗ ಕೈಕೊಡುತ್ತಿತ್ತು. ಅದನ್ನು ಬಲ್ಲ ವಂಚಕರು ಕಚೇರಿಯ ತಾಂತ್ರಿಕ ವಿಭಾಗದವರಂತೆ ಫೋನು ಮಾಡಿ, "ನಿಮ್ಮ ವಿಪಿಎನ್ ತೊಂದರೆ ಸರಿಪಡಿಸುತ್ತೇವೆ" ಎಂದು ನಂಬಿಸಿ, ಕಚೇರಿಯ ಪುಟದಂತೆಯೇ ಕಾಣುವ ನಕಲಿ ಪುಟದಲ್ಲಿ ಪಾಸ್‌ವರ್ಡ್ ಬರೆಸಿಕೊಂಡರು. ಕೆಲವರು ಮೊಬೈಲಿಗೆ ಬಂದ ಒಪ್ಪಿಗೆಯನ್ನೂ ಒತ್ತಿಬಿಟ್ಟರು. 130 ಖಾತೆಗಳಿಗೆ ಕೈ ಹಾಕಲಾಯಿತು. ಮುಖ್ಯ ಆರೋಪಿಯಾಗಿ ಫ್ಲಾರಿಡಾದಲ್ಲಿ ಸಿಕ್ಕಿಬಿದ್ದವನ ವಯಸ್ಸು 17. ಬುದ್ಧಿವಂತ ಹುಡುಗನೇ. ಅದೇ ಬುದ್ಧಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೈತುಂಬ ಸಂಬಳದ ಕೆಲಸ ಕಾದಿರುತ್ತದೆ. ಅವನ ಪಾಲಿಗೆ ಬಂದದ್ದು ಮೂರು ವರ್ಷದ ಶಿಕ್ಷೆ.

ಆ ಮನೆಯ ಜಗುಲಿಯಲ್ಲೂ ಒಂದು ಮಧ್ಯಾಹ್ನ ಫೋನು ಹೊಡೆದುಕೊಳ್ಳುತ್ತದೆ. ಮಗ ತೋಟಕ್ಕೆ ಇಳಿದಿದ್ದಾನೆ, ಅವನ ಮೊಬೈಲು ಚಾರ್ಜಿಗಿದೆ. ಆಯಿ ಎತ್ತುತ್ತಾರೆ. ಆ ಕಡೆಯ ದನಿ ಬಲು ವಿನಯದ್ದು. "ಅಮ್ಮಾ, ನಿಮ್ಮ ಮಗನ ಕಂಪನಿಯಿಂದ. ಅವರ ಅಕೌಂಟ್ ಬಂದ್ ಆಗುತ್ತದೆ. ಈಗ ಮೊಬೈಲಿಗೆ ಬಂದ ಆರು ಅಂಕಿ ಓದಿಬಿಡಿ."

"ನಿಮ್ಮ ಹೆಸರು ಹೇಳಿ. ಅವನು ಬಂದು ಆಫೀಸಿನ ನಂಬರಿಗೇ ಮಾಡುತ್ತಾನೆ."

ದನಿಯ ವಿನಯ ಸ್ವಲ್ಪ ಕಡಿಮೆಯಾಗುತ್ತದೆ. "ಅಷ್ಟು ಹೊತ್ತಿಲ್ಲ ಅಮ್ಮಾ, ಕೆಲಸವೇ ಹೋಗುತ್ತದೆ."

"ಹೋಗಲಿ. ಹೆಸರು ಹೇಳಿ."

ಕರೆ ಕಡಿಯುತ್ತದೆ.

ಆಯಿಗೆ ಝೀರೊ ಟ್ರಸ್ಟ್ ಗೊತ್ತಿಲ್ಲ. ಕರೆ ಮಾಡಿದವನ ಅವಸರ ಅವರಿಗೆ ಸಾಕಾಯಿತು. ಓಬವ್ವನೂ ಸೈನ್ಯದಲ್ಲಿ ಇದ್ದವಳಲ್ಲ, ಕಾವಲುಗಾರನ ಮನೆಯವಳು. ಕಚೇರಿ ಮನೆಗೆ ಬಂದಾಗ ಮನೆಯವರೆಲ್ಲ ಸಂಬಳವಿಲ್ಲದ ಕಾವಲುಗಾರರಾಗುತ್ತಾರೆ. ಅದನ್ನು ಯಾವ ಕಂಪನಿಯೂ ನೇಮಕಪತ್ರದಲ್ಲಿ ಬರೆಯುವುದಿಲ್ಲ. ಒಂದು ವೇಳೆ ಅಂಕಿ ಹೇಳಿ ಹಣ ಕಳೆದುಕೊಂಡದ್ದಾದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಫೋನು ಮಾಡಬೇಕು, ಕಚೇರಿಗೂ ತಿಳಿಸಬೇಕು. ತಡವಾದಷ್ಟೂ ನಷ್ಟ ಹೆಚ್ಚು.

ಭಾನುವಾರದ ಬಸ್ಸು

ಇದೆಲ್ಲ ಕಂಪನಿಯ ಲಾಭಕ್ಕಷ್ಟೇ ಸಂಬಂಧಿಸಿದ್ದಲ್ಲ. ದೇಶದ ದೊಡ್ಡ ಐಟಿ ಸಂಸ್ಥೆ ಟಿಸಿಎಸ್, 2025ರ ಹೊತ್ತಿಗೆ ನೂರಕ್ಕೆ 25 ಮಂದಿ ಕಚೇರಿಗೆ ಬಂದರೆ ಸಾಕು ಎಂದು 2020ರಲ್ಲಿ ಹೇಳಿತ್ತು. 2023ರಲ್ಲಿ ಅದೇ ಸಂಸ್ಥೆ ವಾರದ ಐದೂ ದಿನ ಬನ್ನಿ ಎಂದು ಕರೆಯಿತು. ಇನ್ಫೋಸಿಸ್ 2025ರ ಮಾರ್ಚ್‌ನಲ್ಲಿ ಬಹುಪಾಲು ನೌಕರರಿಗೆ ತಿಂಗಳಿಗೆ ಕನಿಷ್ಠ ಹತ್ತು ದಿನ ಎಂದು ಗೊತ್ತುಮಾಡಿತು. ಹೀಗೆ ಕರೆಯಲು ಕಾರಣಗಳು ಹಲವು. ಆದರೆ ಮನೆಯಲ್ಲಿ ಒಂದು ಅವಘಡವಾದರೆ ಮೊದಲು ಮುಚ್ಚುವುದು ಊರಿನಿಂದ ಕೆಲಸ ಮಾಡುವ ಈ ಸಣ್ಣ ಬಾಗಿಲೇ. ಅದು ಮುಚ್ಚಿದರೆ ಮೆತ್ತಿನ ಮೇಲಿನ ಮೇಜು ಮತ್ತೆ ಅಡಿಕೆ ಚೀಲ ಇಡುವ ಜಾಗವಾಗುತ್ತದೆ.

ಭಾನುವಾರ ರಾತ್ರಿ ಶಿರಸಿಯಿಂದ ಬೆಂಗಳೂರಿಗೆ ಹೊರಡುವ ಬಸ್ಸುಗಳಲ್ಲಿ ಅರ್ಧ ತಿಂಗಳು ಅಲ್ಲಿ, ಅರ್ಧ ತಿಂಗಳು ಇಲ್ಲಿ ಇರುವವರು ಕಾಣುತ್ತಾರೆ. ಆಯಿ ಕೊಟ್ಟ ತೊಡೆದೇವು, ಅಪ್ಪೆಮಿಡಿ ಉಪ್ಪಿನಕಾಯಿಯ ಚೀಲ ಮೇಲಿನ ಹಲಗೆಯ ಮೇಲಿರುತ್ತದೆ. ಲ್ಯಾಪ್‌ಟಾಪ್ ಮಾತ್ರ ತೊಡೆಯ ಮೇಲೆ, ಅದರ ಪಟ್ಟಿ ಕೈಗೆ ಸುತ್ತಿ. ನಡುರಾತ್ರಿ ಬಸ್ಸು ದುರ್ಗ ದಾಟುವಾಗ ಬೆಟ್ಟದ ಕಪ್ಪು ನೆರಳು ಕಿಟಕಿಯಲ್ಲಿ ಹಾದುಹೋಗುತ್ತದೆ. ಬೆಳಗಾದರೆ ಮತ್ತೆ ಗೇಟು, ಗುರುತಿನ ಚೀಟಿ, ಕಾವಲುಗಾರ.