ಅತ್ತಿಗೆಯವರ ಪರೀಕ್ಷೆ

ರಾತ್ರಿ ಮಲಗುವ ಮುನ್ನ ಉಗ್ರಾಣದ ಬೀಗವನ್ನು ಒಮ್ಮೆ ಜಗ್ಗಿ ನೋಡುವುದು ನಮ್ಮ ತಾಯಿಯವರ ಪದ್ಧತಿಯಾಗಿತ್ತು. ಬಸವನಗುಡಿಯ ಅದೇ ಮನೆಯಲ್ಲಿ ಈಗ ಇನ್ನೊಂದು ಉಗ್ರಾಣವಿದೆ. ಅಟ್ಟದ ಕೆಳಗಿನ ಗೂಡಿನಲ್ಲಿ ಕುಳಿತಿರುವ ಆ ಪುಟ್ಟ ಯಂತ್ರಕ್ಕೆ ಫೈಲ್ ಸರ್ವರ್ ಎಂದು ಹೆಸರು. ಕ್ರಯಪತ್ರದ ಪ್ರತಿ, ಕಂದಾಯದ ರಸೀತಿ, ಮದುವೆಗಳ ಭಾವಚಿತ್ರ ಎಲ್ಲವೂ ಅದರೊಳಗೆ; ಮನೆಮಂದಿ ತಮ್ಮ ತಮ್ಮ ಕಂಪ್ಯೂಟರಿನಿಂದಲೇ ಅವನ್ನು ಇಡಬಹುದು, ತೆಗೆಯಬಹುದು. ಇದನ್ನು ನಡೆಸುವ ಸಾಂಬಾ ಎಂಬ ತಂತ್ರಾಂಶವನ್ನು 1992ರಲ್ಲಿ ಮೊದಲು ಹೊರತಂದವರು ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಡ್ಜೆಲ್ ಎಂಬವರು. ನಮ್ಮ ಅಡಿಗೆಮನೆಯ ಸಾಂಬಾರಿಗೂ ಇದಕ್ಕೂ ಯಾವ ನಂಟೂ ಇಲ್ಲ.

ಬೀಗ ಜಗ್ಗುವ ಕೆಲಸವನ್ನು ನಾವು ಯಂತ್ರಕ್ಕೇ ವಹಿಸಿದೆವು. ರಾತ್ರಿ ಎರಡು ಗಂಟೆಗೆ ಅದು ತಾನಾಗಿ ಫೈಲೊಂದನ್ನು ಬರೆಯುವುದು, ಓದುವುದು, ಹೆಸರು ಬದಲಿಸುವುದು, ಅಳಿಸುವುದು. ಹೀಗೆ 40 ಪರೀಕ್ಷೆ. ಬೆಳಗಿನ ಕಾಫಿಯ ವೇಳೆಗೆ ವರದಿ. ತಿಂಗಳುಗಟ್ಟಲೆ 40ಕ್ಕೆ 40 ಬಂದುದರಿಂದ ನಮಗೆ ಕೊಂಚ ಜಂಬವೇ ಹತ್ತಿತ್ತೆಂದು ಒಪ್ಪಿಕೊಳ್ಳಬೇಕು.

ನಮ್ಮ ತಂದೆಯವರ ದಿನಚರಿಯನ್ನು ಅತ್ತಿಗೆಯವರು ಬೆರಳಚ್ಚು ಮಾಡುತ್ತಿದ್ದರು. ಕಾಗದ ಹಪ್ಪಳದಂತಾಗಿತ್ತು. ಒಂದು ಸಂಜೆ ಅವರು 11 ಪುಟ ಮುಗಿಸಿ ಉಳಿಸಿದರು. ಆ ಮೊದಲೇ ಅದೇ ಫೈಲನ್ನು ತನ್ನ ಕೋಣೆಯಲ್ಲಿ ತೆರೆದಿದ್ದ ಅಣ್ಣನ ಮಗ, ಕಾಗುಣಿತ ತಿದ್ದಿ, ಅವರ ನಂತರ ಉಳಿಸಿದ. 11 ಪುಟವೂ ಹೋಯಿತು. ಅಂದು ರಾತ್ರಿಯೂ ವರದಿ 40ಕ್ಕೆ 40!

ಸರ್ವರಿನ ತಪ್ಪೆನ್ನುವಂತಿರಲಿಲ್ಲ. ಫೈಲನ್ನು ತೆರೆದು ಹಿಡಿದುಕೊಂಡವನಿಗಷ್ಟೇ ಅದು ಬೀಗ ಕಾಯುತ್ತದೆ. ಅವರಿಬ್ಬರೂ ಬಳಸಿದ ಸಾದಾ ಬರಹದ ತಂತ್ರಾಂಶವಾದರೋ ಫೈಲನ್ನು ಓದಿಕೊಂಡು ಕೂಡಲೇ ಮುಚ್ಚಿಬಿಡುತ್ತದೆ. ಉಳಿಸುವಾಗ ಮಾತ್ರ ಮತ್ತೆ ಬಾಗಿಲು ತಟ್ಟುತ್ತದೆ. ಕೊನೆಗೆ ತಟ್ಟಿದವನದೇ ಗೆಲುವು. ಇದನ್ನೆಲ್ಲ ವಿವರಿಸಿದ ಮೇಲೆ ಅತ್ತಿಗೆಯವರು, “ನಿನ್ನ ನಲವತ್ತು ಪರೀಕ್ಷೆಯಲ್ಲಿ ನಮ್ಮಂಥ ಇಬ್ಬರು ಎಲ್ಲೂ ಬರಲಿಲ್ಲವೇನಪ್ಪ?” ಎಂದರು.

ಬಂದಿರಲಿಲ್ಲ. ಹೊಸ ಯೋಜನೆಗೆ ಕುಳಿತೆವು. ನಾಲ್ಕು ಬಗೆಯ ಸಾಧನ, ಹತ್ತು ಬಗೆಯ ಕೆಲಸ, ಒಬ್ಬರು ಅಥವಾ ಇಬ್ಬರು, ನಡುವೆ ವಿದ್ಯುತ್ತು ಹೋದರೆ, ಜಾಲ ಕಡಿದರೆ, ಏನೂ ಆಗದಿದ್ದರೆ: ಗುಣಿಸಿದರೆ 240. ಇಬ್ಬರ ಕೆಲಸದ ಹಿಂದುಮುಂದನ್ನೂ ಸೇರಿಸಿದರೆ ಲೆಕ್ಕಕ್ಕೆ ಕೊನೆಯಿಲ್ಲ. ಆದುದರಿಂದ ಪರೀಕ್ಷೆಗಳ ಸಂಖ್ಯೆಯನ್ನು ಬಿಟ್ಟು, ಯಾವುದು ಹೋದರೆ ಮತ್ತೆ ಸಿಕ್ಕದು ಎಂಬುದರಿಂದ ಪಟ್ಟಿ ತೊಡಗಿದೆವು. ಈಗ ಕಾಲು ಗಂಟೆಗೊಮ್ಮೆ ಸರ್ವರಿನಲ್ಲಿ ಹಿಂದಿನ ಸ್ಥಿತಿಯ ಪ್ರತಿ ಉಳಿಯುತ್ತದೆ. ಪರೀಕ್ಷೆಯೆಂದರೆ, ಇಬ್ಬರು ಒಂದೇ ಫೈಲನ್ನು ಓದಿ, ಒಬ್ಬರಾದ ಮೇಲೊಬ್ಬರು ಬರೆದಾಗ, ಮೊದಲಿನವರ ಬರವಣಿಗೆ ಆ ಪ್ರತಿಯಿಂದ ಹೊರಬರಬೇಕು. ಪ್ರತಿ ಇದೆಯೆಂದರೆ ಸಾಲದು, ತೆಗೆದು ಓದಿ ತೋರಿಸಬೇಕು. ವಿದ್ಯುತ್ತಿನ ಪರೀಕ್ಷೆಗೆ ಹಳೆಯ ಯಂತ್ರವೊಂದನ್ನು ಬಲಿಗೊಟ್ಟೆವು. ಆಜ್ಞೆ ಬಂದೊಡನೆ ಪ್ಲಗ್ಗು ಅದರ ಉಸಿರು ನಿಲ್ಲಿಸುತ್ತದೆ. ‘ಉಳಿಸಿದೆ’ ಎಂದು ಯಂತ್ರ ಹೇಳಿದ ಫೈಲು ಮರಳಿ ಎದ್ದಾಗ ಇರಲೇಬೇಕು.

ಕನ್ನಡದ ಹೆಸರುಗಳನ್ನೂ ಮರೆತಿದ್ದೆವು. ‘ಕೋಟೆ’ಯ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು, ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು ಫೈಲು. ‘ಸ್ತ್ರೀ’ ಎಂಬ ಒಂದಕ್ಷರಕ್ಕೆ 18 ಬೈಟು ಬೇಕು. ಹೆಸರಿಗೆ 255 ಬೈಟಿನ ಮಿತಿಯಿರುವಲ್ಲಿ ಅಂಥ ಅಕ್ಷರ 14 ಮಾತ್ರ ಹಿಡಿಸುತ್ತವೆ. ನಮ್ಮ ಪರೀಕ್ಷೆಗಳೆಲ್ಲ ಇಂಗ್ಲಿಷ್ ಹೆಸರಿನವೇ ಆಗಿದ್ದವು, ನಾಚಿಕೆಗೇಡು.

ಅನೇಕ ಯಂತ್ರಗಳನ್ನು ಕೂಡಿಸಿ ಒಂದೇ ಉಗ್ರಾಣ ಮಾಡುವ ಗ್ಲಸ್ಟರ್ ಎಂಬ ತಂತ್ರಾಂಶದ ಕೆಲಸ ಬಹುಮಟ್ಟಿಗೆ ನಮ್ಮ ಬೆಂಗಳೂರಿನಲ್ಲೇ ನಡೆಯಿತು. 2011ರಲ್ಲಿ ರೆಡ್ ಹ್ಯಾಟ್ ಸಂಸ್ಥೆ ಅದನ್ನು ಕೊಂಡಿತು. ಅದರ ಕಡತಗಳಲ್ಲಿ ತಿದ್ದಿದ ದೋಷದ ಸಂಖ್ಯೆಯನ್ನೇ ಹೆಸರಾಗಿ ಹೊತ್ತ ಪರೀಕ್ಷೆಗಳು ಸಾಲಾಗಿ ನಿಂತಿವೆ. ಅದನ್ನು ಕಂಡು ನಾವೂ 41ನೆಯದಕ್ಕೆ ಅತ್ತಿಗೆಯವರ ಹೆಸರಿಟ್ಟೆವು. ಅವರು ನಕ್ಕರು, ಆದರೆ ಬೇಡವೆನ್ನಲಿಲ್ಲ.

11ರಲ್ಲಿ 9 ಪುಟಗಳನ್ನು ಅವರು ಮತ್ತೆ ಬೆರಳಚ್ಚು ಮಾಡಿದ್ದಾರೆ. ಉಳಿದೆರಡರ ಮೂಲ ಹಾಳೆಗಳು ಮೊದಲ ಸಲ ಮಗುಚುವಾಗಲೇ ಪುಡಿಯಾಗಿದ್ದವು.