ಗಾಂಧಿ ಬಜಾರಿನಲ್ಲಿ ಕೋವಿಯ ಮಾತು

ಬಸವನಗುಡಿಯಲ್ಲಿ ಇತ್ಯರ್ಥವಾಗದ ಲೋಕಸಮಸ್ಯೆ ಅಂತ ಒಂದೂ ಇಲ್ಲ. ಕೃಷ್ಣರಾವ್ ಪಾರ್ಕಿನ ಬೆಂಚಿನ ಮೇಲೆ ಬೆಳಿಗ್ಗೆ ಕೂಡುವ ನಿವೃತ್ತರ ಸಭೆ ವಿಶ್ವಸಂಸ್ಥೆಗಿಂತ ಚುರುಕು. ರೂಪಾಯಿ ಯಾಕೆ ಬಿತ್ತು, ಕಾವೇರಿ ನೀರು ಯಾರಿಗೆ ಎಷ್ಟು, ಮೆಟ್ರೊ ದರ ಏರಿಸಿದ್ದು ಸರಿಯೇ ಎಂಬೆಲ್ಲಕ್ಕೂ ಅಲ್ಲಿ ಏಳೂಕಾಲರೊಳಗೆ ತೀರ್ಪು ಬಂದಿರುತ್ತದೆ. ಒಪ್ಪದವರಿಗೆ ಮೇಲ್ಮನವಿ ಸಲ್ಲಿಸಲು ವಿದ್ಯಾರ್ಥಿ ಭವನ ಇದೆ. ಶುಕ್ರವಾರ ಮಾತ್ರ ರಜೆ.

ಈ ಸಭೆಯಲ್ಲಿ ವರ್ಷಕ್ಕೆ ನಾಲ್ಕಾರು ಸಲವಾದರೂ ಚರ್ಚೆಗೆ ಬರುವ ವಿಷಯ ಬಂದೂಕು. ಸೊಪ್ಪು ಬಿಡಿಸುವುದಕ್ಕಿಂತ ದೊಡ್ಡ ಹಿಂಸೆ ಮಾಡದ ಮಂದಿಗೆ ಬಂದೂಕಿನ ಗೊಡವೆ ಯಾಕೆ ಅಂದರೆ, ಕಾರಣ ಅಮೆರಿಕ. ನಮ್ಮ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಗೊಬ್ಬರಾದರೂ ಅಲ್ಲಿದ್ದಾರೆ. ಅಲ್ಲಿ ಯಾವುದೋ ಶಾಲೆಯಲ್ಲಿ ಗುಂಡು ಹಾರಿತು ಎಂದು ಟೀವಿಯಲ್ಲಿ ಬಂದ ಕೂಡಲೇ ಇಲ್ಲಿಂದ ಫೋನು ಹೋಗುತ್ತದೆ. "ಮಗೂನ ಸ್ಕೂಲಿಗೆ ಕಳಿಸಬೇಡ್ವೋ." "ಅಮ್ಮಾ, ಅದು ಆಗಿದ್ದು ಇಲ್ಲಿಂದ ಸಾವಿರ ಮೈಲಿ ಆಚೆ, ನೀನು ಮಲಗು." ಅಮ್ಮ ಮಲಗುವುದಿಲ್ಲ. ಮಾರನೆಯ ಬೆಳಿಗ್ಗೆ ಅಪ್ಪ ಪಾರ್ಕಿಗೆ ಬಂದು, "ಏನ್ ದೇಶ ರೀ ಅದು!" ಎಂದು ಕಲಾಪ ಆರಂಭಿಸುತ್ತಾರೆ.

ಅಲ್ಲಿಂದ ಸಭೆ ಎರಡು ಪಕ್ಷವಾಗುತ್ತದೆ. ಒಂದು ಪಕ್ಷದ ನಾಯಕರು ನಿವೃತ್ತ ಬ್ಯಾಂಕ್ ಮ್ಯಾನೇಜರು. "ನಮಗೂ ಒಂದೊಂದು ಪಿಸ್ತೂಲು ಕೊಡಲಿ ಸ್ವಾಮಿ, ಸರಗಳ್ಳ ಈ ಬಡಾವಣೆ ಕಡೆ ತಲೆ ಹಾಕಿ ಮಲಗಲ್ಲ" ಎಂಬುದು ಅವರ ವಾದ. ಎದುರು ಪಕ್ಷದಲ್ಲಿ ನಿವೃತ್ತ ಗಣಿತದ ಮೇಷ್ಟ್ರು. "ಕನ್ನಡಕ ಎಲ್ಲಿಟ್ಟೆ ಅಂತ ದಿನಾ ಬೆಳಿಗ್ಗೆ ಮನೆಯೆಲ್ಲ ಹುಡುಕ್ತೀರಿ. ಪಿಸ್ತೂಲು ಎಲ್ಲಿಟ್ಟೆ ಅಂತ ಹುಡುಕಿ ಮುಗಿಸೋವರೆಗೂ ಕಳ್ಳ ಕಾಫಿ ಕುಡೀತಾ ಕೂತಿರ್ತಾನಾ?" ಈ ಮೇಷ್ಟ್ರ ಪ್ರಶ್ನೆಗೆ ಮ್ಯಾನೇಜರು ಇದುವರೆಗೆ ಉತ್ತರ ಕೊಟ್ಟಿಲ್ಲ.

ಅಮೆರಿಕದ ಬಂದೂಕಿಗೂ ನಮ್ಮ ಊರಿಗೂ ಒಂದು ಹಳೆಯ ನಂಟಿದೆ. ಕೆ.ಆರ್. ಮಾರ್ಕೆಟ್ಟಿನಿಂದ ಚಾಮರಾಜಪೇಟೆಯ ಕಡೆ ನಡೆದು ಬಂದರೆ ಬೆಂಗಳೂರು ಕೋಟೆಯ ಉಳಿದ ಚೂರು ಸಿಗುತ್ತದೆ. 1791ರ ಮಾರ್ಚ್ 21ರ ರಾತ್ರಿ ಈ ಕೋಟೆಯನ್ನು ಟಿಪ್ಪುವಿನ ಪಡೆಯಿಂದ ಕಿತ್ತುಕೊಂಡವನು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್. ಅದೇ ಪುಣ್ಯಾತ್ಮ ಹತ್ತು ವರ್ಷ ಮೊದಲು, 1781ರಲ್ಲಿ, ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಸೋತು ಶರಣಾಗಿದ್ದ. ಅಲ್ಲಿ ಕಳೆದುಕೊಂಡ ಮಾನವನ್ನು ನಮ್ಮ ಮಾರ್ಕೆಟ್ಟಿನ ಪಕ್ಕದಲ್ಲಿ ಗಳಿಸಿಕೊಂಡ ಅನ್ನಿ. ಕೋಟೆ ಬಿದ್ದ ಆ ವರ್ಷದ ಡಿಸೆಂಬರಿನಲ್ಲೇ ಅಮೆರಿಕದ ಸಂವಿಧಾನಕ್ಕೆ ಎರಡನೇ ತಿದ್ದುಪಡಿ ಜಾರಿಗೆ ಬಂತು. ಆಯುಧ ಇಟ್ಟುಕೊಳ್ಳುವುದು ಜನರ ಹಕ್ಕು ಎಂದು ಅದರಲ್ಲಿ ಬರೆದುಕೊಂಡರು. ದಂಡೆತ್ತಿ ಬಂದವನನ್ನು ಓಡಿಸಿದವರು ಬಂದೂಕನ್ನು ಹಕ್ಕು ಮಾಡಿಕೊಂಡರು. ಅವನಿಗೆ ಸೋತ ನಮ್ಮ ಕೈಯಿಂದ ಬಂದೂಕು ಹೋಯಿತು. 1878ರಲ್ಲಿ ಬ್ರಿಟಿಷರು ತಂದ ಆಯುಧ ಕಾಯ್ದೆಯಲ್ಲಿ ಲೈಸೆನ್ಸಿನ ಗೋಳು ಭಾರತೀಯರಿಗೆ ಮಾತ್ರ, ಬಿಳಿಯರಿಗೆ ವಿನಾಯಿತಿ.

ಇದು ನಮ್ಮ ಹಿರಿಯರನ್ನು ಎಷ್ಟು ಉರಿಸಿತ್ತೆಂದರೆ, ಅಹಿಂಸೆಯ ಗಾಂಧೀಜಿಯೇ 1930ರಲ್ಲಿ ವೈಸ್‌ರಾಯ್ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಬಂದೂಕಿನ ಲೈಸೆನ್ಸ್ ಕೊಡಬೇಕು, ಅದು ಜನರ ಹತೋಟಿಯಲ್ಲಿರಬೇಕು ಎಂಬುದೂ ಒಂದು. ಉಪ್ಪಿನ ತೆರಿಗೆ ರದ್ದು, ಪಾನನಿಷೇಧಗಳ ಜೊತೆಯಲ್ಲೇ ಇದೂ ಇತ್ತು. ಪಾನನಿಷೇಧ ಎಲ್ಲರಿಗೂ ನೆನಪಿದೆ, ಬಂದೂಕು ಮರೆತುಹೋಗಿದೆ. ಗಾಂಧಿ ಬಜಾರಿನಲ್ಲಿ ಐವತ್ತು ವರ್ಷ ತರಕಾರಿ ಕೊಂಡವರಿಗೂ ಇದನ್ನು ಹೇಳಿದರೆ ನಂಬುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಮಾತು ಮತ್ತೆ ಎದ್ದಿತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಆಯುಧ ಹೊಂದುವುದನ್ನು ಮೂಲಭೂತ ಹಕ್ಕು ಮಾಡಿ ಎಂದು ತಿದ್ದುಪಡಿ ತಂದವರು ನಮ್ಮ ಕರಾವಳಿಯವರೇ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಐಸಿಎಸ್ ಬಿಟ್ಟು ಸುಭಾಷರ ಬೆನ್ನಿಗೆ ಹೋದವರು. ಅಂಬೇಡ್ಕರ್ ಒಪ್ಪಲಿಲ್ಲ. ಹಕ್ಕು ಎಂದು ಬರೆದುಬಿಟ್ಟರೆ ದರೋಡೆಕೋರನೂ ಅದನ್ನೇ ಕೇಳುತ್ತಾನೆ, ಆಗ ಸರ್ಕಾರದ ಕೈ ಕಟ್ಟಿಹೋಗುತ್ತದೆ ಎಂಬುದು ಅವರ ವಾದದ ಸಾರ. ಕಾಮತರ ತಿದ್ದುಪಡಿ ಬಿದ್ದುಹೋಯಿತು. ನಮ್ಮ ಪಾರ್ಕಿನಲ್ಲಿ ಇನ್ನೂ ಮುಗಿಯದ ಚರ್ಚೆಯನ್ನು ಅವರು ದೆಹಲಿಯಲ್ಲಿ ಅಂದೇ ಮುಗಿಸಿದ್ದರು.

ಇಷ್ಟಾದರೂ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳಬಹುದಾದ ಜನ ನಮ್ಮ ರಾಜ್ಯದಲ್ಲೇ ಇದ್ದಾರೆ. ಕೊಡವರಿಗೂ ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಆ ವಿನಾಯಿತಿ ಇದೆ. ಅದರ ಬೇರು ಹುಡುಕಿದರೆ ಮತ್ತೆ ಬೆಂಗಳೂರಿಗೇ ಬರಬೇಕು. ಕಬ್ಬನ್ ಪಾರ್ಕಿನ ಮಾರ್ಕ್ ಕಬ್ಬನ್ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದಾಗ, 1861ರ ಫೆಬ್ರವರಿಯಲ್ಲಿ, ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ಕೊಡವರನ್ನು ಬಿಟ್ಟು ಆದೇಶ ಹೊರಡಿಸಿದ. ಆಮೇಲೆ ಊರಿಗೆ ಹೊರಟವನು ದಾರಿಯಲ್ಲೇ, ಸೂಯೆಜ್‌ನಲ್ಲಿ, ಏಪ್ರಿಲ್ ಹೊತ್ತಿಗೆ ತೀರಿಕೊಂಡ. ಆದೇಶ ಮಾತ್ರ ಉಳಿಯಿತು. 2019ರಲ್ಲಿ ಕೇಂದ್ರ ಸರ್ಕಾರ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿತು. ಇದು ಸಮಾನತೆಗೆ ವಿರುದ್ಧ ಎಂದು ಹೂಡಿದ ಅರ್ಜಿಯನ್ನು 2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ತಳ್ಳಿಹಾಕಿತು. ವಿನಾಯಿತಿ ಷರತ್ತಿನದು, ಅವಧಿಯೂ ಹತ್ತೇ ವರ್ಷದ್ದು ಎಂಬುದನ್ನು ಅದು ಗಮನಿಸಿತು.

ಕೊಡಗಿನ ಕೋವಿಯನ್ನು ನೋಡಬೇಕಾದರೆ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಹೋಗಬೇಕು. ನಾಟಿ ಮುಗಿದಿರುತ್ತದೆ. ದೇವರ ಮುಂದೆ ಕೋವಿ ಇಟ್ಟು, ತೋಕ್ ಪೂ ಎಂದು ಅವರು ಕರೆಯುವ ಕೆಂಪು ಹಳದಿಯ ಹೂವನ್ನು ಅದಕ್ಕೆ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಯಾರ ಮನೆಯಲ್ಲಿ ಗುಂಡು ಹಾರಿತು, ಯಾಕೆ ಹಾರಿತು ಎಂಬುದು ಆಚೆ ಗುಡ್ಡದವರಿಗೂ ಗೊತ್ತಾಗುತ್ತದೆ. ಹಾಗಂತ ಕೊಡಗು ಋಷ್ಯಾಶ್ರಮವೇನಲ್ಲ. ಜಾಗದ ತಗಾದೆಗೆ ಕೋವಿ ಎತ್ತಿದ್ದು, ಬೇಟೆಗೆ ಹೋಗಿ ಹಂದಿಯೆಂದು ಜೊತೆಗಾರನಿಗೇ ಹೊಡೆದದ್ದು ಪತ್ರಿಕೆಯಲ್ಲಿ ಬರುತ್ತಲೇ ಇರುತ್ತವೆ. ಆದರೆ ಅಂಥ ಕೇಸಿನಲ್ಲಿ ಕೋವಿ ಯಾರದು ಎಂದು ಪತ್ತೆ ಮಾಡಲು ಪೊಲೀಸರು ತಿಂಗಳುಗಟ್ಟಲೆ ಒದ್ದಾಡಬೇಕಿಲ್ಲ. ಊರಿಗೇ ಗೊತ್ತಿರುತ್ತದೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮಲೆನಾಡಿನ ತೋಟದ ಕೋವಿಯದು ಬೇರೆ ಕತೆ. ಹಂದಿಯನ್ನು, ಮಂಗನನ್ನು ಹೆದರಿಸಲೆಂದು ಅಡಿಕೆ ಬೆಳೆಗಾರ ಲೈಸೆನ್ಸ್ ತೆಗೆದುಕೊಂಡಿರುತ್ತಾನೆ. ಚುನಾವಣೆ ಘೋಷಣೆಯಾದರೆ ಕೋವಿ ಠಾಣೆಗೆ. ಗ್ರಾಮ ಪಂಚಾಯಿತಿ, ವಿಧಾನಸಭೆ, ಲೋಕಸಭೆ ಅಂತ ನಮ್ಮಲ್ಲಿ ಚುನಾವಣೆಗೇನು ಬರಗಾಲವೇ? ಎಣಿಕೆ ಮುಗಿದು ಕೋವಿ ವಾಪಸು ಬರುವ ಹೊತ್ತಿಗೆ ಹಂದಿ ತನ್ನ ಹಕ್ಕು ಚಲಾಯಿಸಿ ಹೋಗಿರುತ್ತದೆ. ಶೃಂಗೇರಿ ಕಡೆಯ ನಮ್ಮ ನೆಂಟರೊಬ್ಬರು ತಹಸೀಲ್ದಾರರನ್ನು, "ನೀತಿಸಂಹಿತೆ ಹಂದಿಗೂ ಅನ್ವಯಿಸುತ್ತಾ ಸಾರ್?" ಎಂದು ಕೇಳಿದರಂತೆ. ಅವರೂ ಮಲೆನಾಡಿನವರೇ, ನಕ್ಕು ರಸೀತಿ ಬರೆದುಕೊಟ್ಟರಂತೆ.

ಇನ್ನು ನಮ್ಮ ನಗರದ ಬಂದೂಕು. ಮೊದಲು ನೆನಪಾಗುವುದು ಬ್ಯಾಂಕಿನ ಬಾಗಿಲಲ್ಲಿ ಕೂತ ಗಾರ್ಡಿನ ಜೋಡುನಳಿಗೆ. ಅದು ಹಾರಿದ್ದನ್ನು ಕಂಡವರಿಲ್ಲ. ಗಾರ್ಡೂ ಸಾಮಾನ್ಯವಾಗಿ ಪಾಸ್‌ಬುಕ್ ಪ್ರಿಂಟ್ ಮಾಡುವ ಯಂತ್ರದ ಹತ್ತಿರ ಹಿರಿಯರಿಗೆ ಸಹಾಯ ಮಾಡುತ್ತಿರುತ್ತಾನೆ. ಎರಡನೆಯದು ಗನ್‌ಮ್ಯಾನಿನದು. ನಮ್ಮ ಕಡೆಯ ಕಲ್ಯಾಣ ಮಂಟಪಗಳಲ್ಲಿ ಬಂದವರ ತೂಕ ಅಳೆಯುವುದು ಮುಯ್ಯಿಯಿಂದಲ್ಲ, ಹಿಂದೆ ಎಷ್ಟು ಜನ ಸಫಾರಿ ತೊಟ್ಟವರು ಬಂದರು ಎಂಬುದರಿಂದ. ಗನ್‌ಮ್ಯಾನ್ ವಾಪಸು ಹೋದ ದಿನ ಮಾಜಿಯಾದ ನೋವು ನಿಜವಾಗಿ ತಟ್ಟುತ್ತದಂತೆ. ಮೂರನೆಯದು ಕಡಲೆಕಾಯಿ ಪರಿಷೆಯಲ್ಲಿ ಬಲೂನು ಹೊಡೆಯುವ ಏರ್‌ಗನ್. ಕಡಿಮೆ ಶಕ್ತಿಯ ಅಂಥ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ದೊಡ್ಡ ಬಸವಣ್ಣನ ಸಾಕ್ಷಿಯಾಗಿ ಹೇಳುತ್ತೇನೆ, ಅದರ ನಳಿಗೆ ಗುರಿಯಿಟ್ಟ ಕಡೆ ಎಂದೂ ಹೊಡೆಯುವುದಿಲ್ಲ.

ನಗರದಲ್ಲಿ ಕಾನೂನು ಪ್ರಕಾರ ಬಂದೂಕು ಬೇಕೆಂದರೆ ಪೊಲೀಸ್ ಕಮಿಷನರಿಗೆ ಅರ್ಜಿ ಹಾಕಬೇಕು. ಯಾಕೆ ಬೇಕು ಎಂದು ಹೇಳಬೇಕು, ಠಾಣೆಯವರು ವಿಚಾರಿಸುತ್ತಾರೆ. 2016ರ ನಿಯಮಗಳ ಪ್ರಕಾರ ಆಯುಧ ಹಿಡಿಯಲು ತರಬೇತಿಯೂ ಆಗಿರಬೇಕು. ಒಬ್ಬರು ಮೂರು ಇಟ್ಟುಕೊಳ್ಳಬಹುದಾಗಿದ್ದನ್ನು 2019ರ ತಿದ್ದುಪಡಿ ಎರಡಕ್ಕೆ ಇಳಿಸಿತು. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಕತ್ತಿಗೂ ಕಾಯ್ದೆಯ ಕಣ್ಣಿದೆ. ಒಂಬತ್ತು ಅಂಗುಲ ಮೀರಿದ ಅಲಗು ಮನೆಗೆಲಸಕ್ಕೆ, ಬೇಸಾಯಕ್ಕೆ, ಕಸುಬಿಗೆ ಅಲ್ಲದಿದ್ದರೆ ಆಯುಧವೇ. ಹಾಗಾಗಿ ಗಾಂಧಿ ಬಜಾರಿನ ಎಳನೀರಿನವನ ಕೈಲಿರುವ ಮಚ್ಚು ಬರೀ ಮಚ್ಚು. ಅದೇ ಮಚ್ಚು ರಾತ್ರಿ ಹನ್ನೊಂದಕ್ಕೆ ಸ್ಕೂಟರಿನ ಸೀಟಿನಡಿ ಸಿಕ್ಕರೆ ಕೇಸು.

ಮಚ್ಚು, ಲಾಂಗುಗಳ ಮಾತು ಬಂತಲ್ಲ, ಬೆಂಗಳೂರಿನ ಭೂಗತ ಲೋಕ ಬಹಳ ಕಾಲ ಅವುಗಳಲ್ಲೇ ವ್ಯವಹಾರ ಮಾಡಿತು. ನಮ್ಮ ಸಿನಿಮಾಗಳೂ ಅದರಲ್ಲೇ ಲಾಭ ಮಾಡಿಕೊಂಡವು. 1989ರ ನವೆಂಬರಿನಲ್ಲಿ ಲಾಲ್‌ಬಾಗಿನ ಹತ್ತಿರ ಭೂಗತ ದೊರೆ ಎಂ.ಪಿ. ಜಯರಾಜ್ ಗುಂಡೇಟಿಗೆ ಬಲಿಯಾದಾಗ ಪಿಸ್ತೂಲಿನ ಕಾಲ ಬಂತೆಂದು ಊರಿಗೆ ಗೊತ್ತಾಯಿತು. 2005ರ ಡಿಸೆಂಬರ್ 28ರ ಸಂಜೆ ಮಲ್ಲೇಶ್ವರದ ಮಗ್ಗುಲಲ್ಲೇ ಇರುವ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಮ್ಮೇಳನ ಮುಗಿಸಿ ಹೊರಬರುತ್ತಿದ್ದವರ ಮೇಲೆ ಗುಂಡಿನ ಮಳೆಗರೆದರು. ದೆಹಲಿ ಐಐಟಿಯ ಗಣಿತಜ್ಞ ಎಂ.ಸಿ. ಪುರಿ ತೀರಿಕೊಂಡರು. 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶ್ ಬಸವನಗುಡಿಯ ತಮ್ಮ ಪತ್ರಿಕೆಯ ಕಚೇರಿಯಿಂದ ಹೊರಟು ರಾಜರಾಜೇಶ್ವರಿ ನಗರದ ಮನೆ ಬಾಗಿಲು ತಲುಪುವಷ್ಟರಲ್ಲಿ ಹಂತಕರು ಅವರಿಗೆ ಗುಂಡು ಹೊಡೆದರು. ಮಾರನೆಯ ದಿನ ಚಾಮರಾಜಪೇಟೆಯ ರುದ್ರಭೂಮಿಯಲ್ಲಿ ಅವರನ್ನು ಮಣ್ಣು ಮಾಡಿದರು. ಹರಟೆಯ ಮಾತು ಇಲ್ಲಿ ನಗುವುದಿಲ್ಲ. ಕೊಂದದ್ದು 7.65 ಎಂಎಂ ನಾಡ ಪಿಸ್ತೂಲು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಕೊಂದದ್ದೂ ಅದೇ ಪಿಸ್ತೂಲು ಎಂದು ತನಿಖೆ ಹೇಳಿತು. ಎರಡು ವರ್ಷ ಆ ಪಿಸ್ತೂಲು ಎಲ್ಲಿತ್ತು, ಯಾರ ಮನೆಯಲ್ಲಿತ್ತು? ಯಾವ ರಿಜಿಸ್ಟರಿನಲ್ಲೂ ಅದರ ಹೆಸರಿರಲಿಲ್ಲ. ಆ ಎರಡು ವರ್ಷದಲ್ಲೂ ನಮ್ಮ ಅಡಿಕೆ ಬೆಳೆಗಾರ ಲೈಸೆನ್ಸ್ ನವೀಕರಣಕ್ಕೆ ಡಿಸಿ ಆಫೀಸಿಗೆ ಅಲೆಯುತ್ತಲೇ ಇದ್ದ.

ಈ ಅಸಮತೋಲಕ್ಕೆ ಲೆಕ್ಕವೂ ಇದೆ. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೆ 2017ರಲ್ಲಿ ಮಾಡಿದ ಅಂದಾಜಿನಂತೆ ಅಮೆರಿಕದ ಜನರ ಕೈಯಲ್ಲಿ ಸುಮಾರು 39 ಕೋಟಿ ಬಂದೂಕುಗಳಿವೆ. ನೂರು ಜನಕ್ಕೆ 120. ಭಾರತದಲ್ಲಿ ಸುಮಾರು 7 ಕೋಟಿ; ನೂರಕ್ಕೆ ಐದರ ಆಸುಪಾಸು. ಅದರಲ್ಲಿ ಸರ್ಕಾರದ ಪುಸ್ತಕದಲ್ಲಿರುವುದು ಒಂದು ಕೋಟಿಗೂ ಕಡಿಮೆ. ಅಂದರೆ ಏಳರಲ್ಲಿ ಒಂದಕ್ಕೆ ಮಾತ್ರ ಗುರುತಿದೆ. ಚುನಾವಣೆ ಬಂದಾಗ ಠಾಣೆಗೆ ಹೋಗಿ ಮಲಗುವುದು ಆ ಒಂದು. ಮಿಕ್ಕ ಆರಕ್ಕೆ ನೀತಿಸಂಹಿತೆ ಇಲ್ಲ.

ನನಗೆ ತೋರುವುದು ಇಷ್ಟು. ಬಂದೂಕು ಒಳ್ಳೆಯದೋ ಕೆಟ್ಟದ್ದೋ ಎಂದು ಪಾರ್ಕಿನಲ್ಲಿ ಕೂತು ಜಗಳಾಡುವುದರಿಂದ ಪ್ರಯೋಜನವಿಲ್ಲ. ಅದಕ್ಕೆ ಹೊಣೆ ಯಾರು ಎಂದು ಕೇಳಬೇಕು. ಕೊಡಗಿನ ಐನ್‌ಮನೆಯ ಕೋವಿಗೆ ಇಡೀ ಒಕ್ಕ (ಮನೆತನ) ಹೊಣೆ, ಸುತ್ತಲ ಊರು ಸಾಕ್ಷಿ. ಅದು ಇರಲಿ. ತೋಟದ ಕೋವಿಗೆ ಬೆಳೆಗಾರನ ಹೆಸರು, ಸರ್ವೆ ನಂಬರು, ರಸೀತಿ ಎಲ್ಲ ಇವೆ. ಅದೂ ಇರಲಿ, ಮೇಲೆ ಕೇಸಿಲ್ಲದವನದು ಚುನಾವಣೆಯಲ್ಲೂ ಅವನ ಬಳಿಯೇ ಇರಲಿ. ಆದರೆ ಬೆಂಗಳೂರಿನಲ್ಲಿ ಪಕ್ಕದ ಫ್ಲ್ಯಾಟಿನವರ ಹೆಸರೇ ಗೊತ್ತಿಲ್ಲ, ನೀರಿನ ಟ್ಯಾಂಕರಿಗೂ ಪಾರ್ಕಿಂಗಿಗೂ ಕಾಲರ್ ಹಿಡಿಯುತ್ತೇವೆ. ಇಂಥಲ್ಲಿ ಮನೆಗೊಂದು ಪಿಸ್ತೂಲು ಬಂದರೆ ಮೊದಲ ಗುಂಡು ಸರಗಳ್ಳನಿಗೆ ಬೀಳುವುದಿಲ್ಲ, ಅಡ್ಡ ಕಾರು ನಿಲ್ಲಿಸಿದವನಿಗೆ ಬೀಳುತ್ತದೆ. ಮ್ಯಾನೇಜರು ಕ್ಷಮಿಸಬೇಕು, ನನ್ನ ಓಟು ಮೇಷ್ಟ್ರಿಗೆ. ಅರ್ಜಿ ಹಾಕಿದವನನ್ನು ಅಲೆಸಲು ಇಲಾಖೆ ಖರ್ಚು ಮಾಡುವ ಶ್ರದ್ಧೆಯಲ್ಲಿ ಅರ್ಧವಾದರೂ ಅರ್ಜಿ ಹಾಕದವನ ನಾಡ ಪಿಸ್ತೂಲು ಎಲ್ಲಿ ತಯಾರಾಯಿತು, ಯಾರು ತಂದರು, ಯಾರು ಮಾರಿದರು ಎಂದು ಹುಡುಕುವುದಕ್ಕೆ ಹೋಗಲಿ.

ಓದುಗರಲ್ಲೂ ಒಂದು ಮನವಿ ಇದೆ. ನಮ್ಮ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ, ಶಿಕಾರಿಯ ಕಾಲದ ತಾತಂದಿರು ಬಿಟ್ಟುಹೋದ ಕೋವಿ ಇನ್ನೂ ಅಲ್ಲಲ್ಲಿ ಉಳಿದಿದೆ. ತಾತನ ಜೊತೆಗೇ ಲೈಸೆನ್ಸೂ ಹೋಗಿರುತ್ತದೆ, ಮಕ್ಕಳಿಗೆ ನೆನಪಿರುವುದಿಲ್ಲ. ಲೈಸೆನ್ಸ್ ಮುಗಿದ ಆಯುಧವನ್ನು ತಡಮಾಡದೆ ಹತ್ತಿರದ ಠಾಣೆಗಾಗಲಿ ಲೈಸೆನ್ಸ್ ಇರುವ ವ್ಯಾಪಾರಿಗಾಗಲಿ ಒಪ್ಪಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಇಟ್ಟುಕೊಳ್ಳಲೇಬೇಕೆಂಬ ವಾರಸುದಾರ ತನ್ನ ಹೆಸರಿಗೆ ಅರ್ಜಿ ಹಾಕಬಹುದು. ದಸರೆಗೆ ಬೊಂಬೆ ಇಳಿಸಲು ಹೇಗೂ ಅಟ್ಟ ಹತ್ತುತ್ತೀರಿ, ಆಗ ಒಂದು ಸಲ ಮೂಲೆಯಲ್ಲೂ ನೋಡಿ. ಸಿಕ್ಕರೆ ಮೊಮ್ಮಕ್ಕಳ ಕೈಗೆ ಕೊಟ್ಟು ಫೋಟೊ ತೆಗೆಯುವ ಮೊದಲು ಠಾಣೆಗೆ ತಿಳಿಸಿ.