ಅಜ್ಜಿಯ ಅಜ್ಜನ ವಿಳಾಸ

ಇಂಗ್ಲೆಂಡಿನಲ್ಲಿ ಪೂರ್ವಜರನ್ನು ಹುಡುಕುವುದು ನಿವೃತ್ತರಿಗೆ ಒಳ್ಳೆಯ ಹವ್ಯಾಸ. 1841ರ ಜನಗಣತಿಯಿಂದಲೇ ಅಲ್ಲಿ ಮನೆಮನೆಯವರ ಹೆಸರು, ವಯಸ್ಸು, ಕಸುಬು ಬರೆದಿಟ್ಟ ಹಾಳೆಗಳಿವೆ. ನೂರು ವರ್ಷ ಬೀಗ ಹಾಕಿಟ್ಟು, ಆಮೇಲೆ ಯಾರು ಬೇಕಾದರೂ ನೋಡಿ ಎಂದು ತೆರೆಯುತ್ತಾರೆ; 1921ರದ್ದನ್ನು ತೆರೆದದ್ದು 2022ರಲ್ಲಿ. ಅಲ್ಲೇ ನೆಲೆಸಿರುವ ನನ್ನ ಅಕ್ಕನ ಮಗ, ಹೆಂಡತಿಯ ಮುತ್ತಜ್ಜನ ಕಸುಬನ್ನೂ ಗೋರಿಗಲ್ಲನ್ನೂ ಪತ್ತೆ ಹಚ್ಚಿ ಫೋಟೋ ಕಳಿಸಿದ. ಕೆಳಗೊಂದು ಸಾಲು: "ಮಾವ, ನಮ್ಮ ಕಡೆಯವರದ್ದೂ ಒಂದು ಹುಡುಕಿ."

ನಾನು ಹುಡುಕಹೊರಟದ್ದು ನನ್ನ ಅಜ್ಜಿಯ ಅಜ್ಜನನ್ನು. ಹೆಸರು ಇಲ್ಲಿ ಬರೆಯುವುದಿಲ್ಲ, ಅದೇ ಹೆಸರಿನವರು ಊರಲ್ಲಿ ಈಗಲೂ ಹತ್ತು ಜನ ಇದ್ದಾರೆ. ಬೈಂದೂರು ಕಡೆಯ ಮನೆಯವರು, ಬ್ರಹ್ಮಾವರದ ಕಡೆ ಹೆಣ್ಣು ತಂದವರು ಎನ್ನುವಷ್ಟು ಮಾತ್ರ ಗೊತ್ತಿತ್ತು.

ಗೋರಿಗಲ್ಲಿನ ಮಾತೆತ್ತಿದ್ದಕ್ಕೆ ನನ್ನ ದೊಡ್ಡಮ್ಮ ಸಿಡುಕಿದರು. "ಕಲ್ಲ್ ಎಂತಕೆ? ಹೋಪರ್ ಬಪ್ಪರ್ ಹೆಸ್ರ್ ಮೆಟ್ಟುಕಾ?" ನಮ್ಮಲ್ಲಿ ಸುಡುವುದು, ಮಾವಿನ ಮರ ಕಡಿದು, ಸ್ವಂತ ಜಾಗದ ಮೂಲೆಯಲ್ಲೇ. ಬೂದಿಯ ಮೇಲೆ ಮಣ್ಣೇರಿಸಿದ ದೂಪೆ ನಮ್ಮ ಮಳೆಗೆ ಎಷ್ಟು ವರ್ಷ ನಿಂತೀತು? ಬಾರ್ಕೂರು, ಬಸ್ರೂರಿನ ಕಡೆ ಹಳೆಯ ಕಲ್ಲುಗಳೇನೋ ಇವೆ. ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ. ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟು ಮಡಚಿ ಎತ್ತಿದ ತೋಳು. ಆದರೆ ಕಲ್ಲು ನೆಡಿಸಿಕೊಳ್ಳಬೇಕಾದರೆ ಕತ್ತಿಗೋ ಬೆಂಕಿಗೋ ಬೀಳಬೇಕಿತ್ತು. ಗದ್ದೆ ಬೇಸಾಯ ಮಾಡಿ, ಜ್ವರ ಬಂದು, ಚಾಪೆಯ ಮೇಲೆ ಸತ್ತವರಿಗೆ ಅಪ್ಸರೆಯರು ಬರುವುದಿಲ್ಲ.

ಹೆಸರಿರುವ ಕಲ್ಲು ಬೇಕೆಂದರೆ ಇಗರ್ಜಿಗೇ ಹೋಗಬೇಕು. ಅದೂ ಸಲೀಸಲ್ಲ. ಬ್ರಹ್ಮಾವರದ ಸಿರಿಯನ್ ಸಭೆಗೆ ಮೂಲಪುರುಷರಾದ ಪಾದ್ರಿ ಆಲ್ವಾರಿಸ್ ಗೋವಾದವರು. ರೋಮಿನೊಡನೆ ಮುರಿದುಕೊಂಡು 1889ರಲ್ಲಿ ಕೊಟ್ಟಾಯಂನಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಬಿಷಪ್ ಆದವರು. 1923ರಲ್ಲಿ ಗೋವಾದಲ್ಲಿ ತೀರಿಕೊಂಡರು, ಹೂಳಿದ್ದು ಪಣಜಿಯ ಸಂತ ಇನೇಸ್ ಸ್ಮಶಾನದಲ್ಲಿ. ಮೇಲೆ ಕಲ್ಲು ಹಾಕಿದ್ದರೂ ಸಭೆಯವರು ಆ ಜಾಗವನ್ನು ಪತ್ತೆ ಮಾಡಿದ್ದು 1967ರಲ್ಲಿ. ಬಿಷಪ್ಪರ ಗೋರಿಯ ಗತಿಯೇ ಹೀಗಾದರೆ ನಮ್ಮ ಅಜ್ಜನದ್ದೇನು ಹೇಳುವುದು!

ಇನ್ನು ಜನಗಣತಿ. ಅಜ್ಜ ಹುಟ್ಟಿದ್ದು 1862ರ ಆಸುಪಾಸು ಎಂದು ನನ್ನ ಅಂದಾಜು. ಕನ್ನಡ ಜಿಲ್ಲೆಯನ್ನು ಎರಡು ಮಾಡಿದಾಗ ಉತ್ತರಕ್ಕೆ ಸೇರಿದ್ದ ಕುಂದಾಪುರ ತಾಲೂಕು ಆ ವರ್ಷ ದಕ್ಷಿಣ ಕನ್ನಡಕ್ಕೆ ಮರಳಿತು. ಉತ್ತರ ಕನ್ನಡ ಬೊಂಬಾಯಿಗೆ ಹೋಯಿತು, ನಾವು ಮದರಾಸಿನವರಾಗಿ ಉಳಿದೆವು. 1871ರಲ್ಲಿ ಮದರಾಸು ಪ್ರಾಂತದ ಗಣತಿ ನಡೆಯಿತು, 1881ರಲ್ಲಿ ಇನ್ನೊಂದು. ಎರಡರಲ್ಲೂ ನಮ್ಮ ಅಜ್ಜ ಖಂಡಿತ ಇದ್ದಾರೆ, ಯಾವುದೋ ಜಾತಿಯ ಮೊತ್ತದೊಳಗೆ, ಒಂದು ಅಂಕಿಯಾಗಿ. ಅಚ್ಚಾದ ಸಂಪುಟಗಳಲ್ಲಿ ಹೆಸರಿಲ್ಲ. ಸ್ವತಂತ್ರ ಭಾರತದ 1948ರ ಜನಗಣತಿ ಕಾಯ್ದೆಯಂತೂ ಗಣತಿಯವರು ಬರೆದುಕೊಂಡದ್ದನ್ನು ನೋಡುವ ಹಕ್ಕು ಯಾರಿಗೂ ಇಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ನಡೆಯದು ಎನ್ನುತ್ತದೆ. ನೂರು ವರ್ಷದ ಬೀಗದ ಮಾತೇ ಇಲ್ಲ.

ನಮ್ಮ ಕಡೆ ಮನುಷ್ಯರ ಹೆಸರು ಉಳಿಸಿದ್ದು ತೀರ್ವೆ ಮತ್ತು ತಕರಾರು. ಶಾನುಭೋಗರ ಕಡತದಲ್ಲಿ ವರ್ಗದಾರನ ಹೆಸರಿರುತ್ತಿತ್ತು. ಕಡತವೆಂದರೆ ಹುಣಸೆ ಬೀಜದ ಅಂಟು, ಇದ್ದಲ ಪುಡಿ ಬಳಿದು ಕಪ್ಪಾದ ಬಟ್ಟೆಯ ಮಡಿಕೆ, ಬಳಪದಲ್ಲಿ ಬರೆದದ್ದು; ಒರೆಸಿದರೆ ಹೋಯಿತು. ಚಾಲಗೇಣಿಯವನ ಹೆಸರನ್ನು ಬರೆಯುವ ಗೋಜು ಯಾರಿಗಿತ್ತು? ದಾವೆ ಹೂಡಿದವರ ಪುಣ್ಯವೇ ಬೇರೆ. 1949ರಲ್ಲಿ ಮದರಾಸಿನ ಅಳಿಯಸಂತಾನ ಕಾಯ್ದೆ ಬಂದು ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ದಾರಿ ಅಗಲವಾದ ಮೇಲೆ, ಮನೆಗೊಂದು ಕೇಸು, ಕೇಸಿಗೊಂದು ವಂಶಾವಳಿ. ನಾಲ್ಕು ತಲೆಮಾರಿನ ಹಿಂದಿನ ಹೆಂಗಸಿನಿಂದ ಶುರುವಾಗಿ ಕವಲೊಡೆಯುವ ಅಂಥ ಹಾಳೆಯೊಂದು ದೊಡ್ಡಮ್ಮನ ಟ್ರಂಕಿನಲ್ಲೇ ಇತ್ತು. ಜಗಳಗಂಟರಿಗೆ ನಾನು ಅಂದು ಮನಸಾರೆ ಕೈಮುಗಿದೆ.

ಆದರೆ ನಮ್ಮದು ಹೆಣ್ಣಿನ ಸಂತಾನ. ಹಾಳೆಯಲ್ಲಿ ಅಜ್ಜಿ, ಅಜ್ಜಿಯ ತಾಯಿ, ಅಜ್ಜಿಯ ಅಜ್ಜಿ ಎಲ್ಲರೂ ಇದ್ದಾರೆ, ಗಂಡಂದಿರು ಒಬ್ಬರೂ ಇಲ್ಲ. ಕಾನೂನೂ ಹಾಗೇ ಇತ್ತು: ಐವತ್ತು ತುಂಬದ ಹೆಂಗಸು ಒಬ್ಬಳಾದರೂ ಇದ್ದರೆ ಕುಟುಂಬದ ಆ ಕವಲು ಸಂತತಿ ಕವರು, ಇಲ್ಲದಿದ್ದರೆ ಅಲ್ಲಿ ಗಟ್ಟಿಮುಟ್ಟಾದ ಗಂಡಸರು ಎಷ್ಟಿದ್ದರೂ ನಿಸ್ಸಂತತಿ ಕವರು. ಹಾಗಾಗಿ ಅಜ್ಜನನ್ನು ಹುಡುಕಬೇಕಾದದ್ದು ಅವರ ತಾಯಿಯ ಮನೆಯ ಕಾಗದದಲ್ಲಿ.

ಬೈಂದೂರಿನ ಆ ಮನೆಯಲ್ಲಿ ನಾಗಬನಕ್ಕೆ ಹೊಸದಾಗಿ ಗ್ರಾನೈಟ್ ಹಾಕಿಸಿದ್ದರು. ಬೆಲ್ಲ, ನೀರು ಕೊಟ್ಟು ಕೂರಿಸಿದರು. ಅವರಲ್ಲೂ ಒಂದು ಕೇಸು ನಡೆದಿತ್ತು, ಪುಣ್ಯಕ್ಕೆ. ಯಜಮಾನರು ತಂದ ಹಾಳೆಯ ಎಡಮೂಲೆಯಲ್ಲಿ, ಮೂವರು ಅಕ್ಕತಂಗಿಯರ ಪಕ್ಕದಲ್ಲಿ ಅಜ್ಜ ಸಿಕ್ಕಿದರು. ಅಕ್ಕತಂಗಿಯರ ಹೆಸರಿನ ಕೆಳಗೆ ಪುಟದ ತುದಿಯವರೆಗೆ ಗೆರೆಗಳು. ಅಜ್ಜನ ಹೆಸರಿನ ಕೆಳಗೆ ಏನೂ ಇಲ್ಲ.

"ಅವ್ರಿಗೆ ಮಕ್ಕಳ್ ಇದ್ದಿದ್ರಾ?" ಎಂದು ಯಜಮಾನರೇ ನನ್ನನ್ನು ಕೇಳಿದರು.

ಏಳು ಮಂದಿ ಎಂದೆ. ಅಷ್ಟರಲ್ಲಿ ಒಳಗಿನಿಂದ ಅವರ ಅಕ್ಕ ಬಂದು, "ಹಂಗಾರೆ ನೀವ್ ನಮ್ಗೆ ಎಂತ ಆತ್ರಿ?" ಎಂದು ಬೆರಳು ಮಡಚಿ ಲೆಕ್ಕ ಶುರುಮಾಡಿದರು. ಊಟದ ಹೊತ್ತಿಗೂ ಅದು ಮುಗಿದಿರಲಿಲ್ಲ.